ಡಿಸೆಂಬರ್‌ನಲ್ಲಿ ‘ಎಲ್ಲರ ಶಾಲೆ’ ದಿನ ಮಾಡಬೇಕು: ವೇಷಭೂಷಣ ಬಿಟ್ಟು ಏನು ಮಾಡಬಹುದು?

ಜಮಖಂಡಿ_ಮಾಸ್ತರ್ (ಪ್ರಶ್ನೆ)

ಗುರುಬಳಗಕ್ಕೆ ನಮಸ್ಕಾರ. ನಮ್ಮದು ಜಮಖಂಡಿ ತಾಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 1ರಿಂದ 8ನೇ ತರಗತಿ, ಸುಮಾರು 210 ಮಕ್ಕಳು. ಹೆಚ್ಚಿನವರ ಮನೆಮಾತು ಕನ್ನಡ. ತಾಂಡಾದ ಮಕ್ಕಳದು ಲಂಬಾಣಿ, ಒಂದಿಷ್ಟು ಮನೆಗಳಲ್ಲಿ ಉರ್ದು. ದೀಪಾವಳಿ ಆದಮೇಲೆ ಕಬ್ಬು ಕಡಿಯೋ ಗ್ಯಾಂಗಿನ ಜೊತೆ ಬೀಡ್ ಕಡೆಯಿಂದ ಮರಾಠಿ ಮಕ್ಕಳೂ ಬರ್ತಾರೆ. ವಿಶೇಷ ಚೇತನ ಮಕ್ಕಳು ನಾಲ್ವರಿದ್ದಾರೆ: ಒಬ್ಬಳು ಗಾಲಿಕುರ್ಚಿಯಲ್ಲಿ, ಒಬ್ಬನಿಗೆ ಶ್ರವಣದೋಷ, ಒಬ್ಬನಿಗೆ ಮಂದದೃಷ್ಟಿ, ಒಬ್ಬನಿಗೆ ಬೌದ್ಧಿಕ ಹಿನ್ನಡೆ.

ಡಿಸೆಂಬರ್‌ನಲ್ಲಿ ಒಂದು ದಿನ ‘ಎಲ್ಲರ ಶಾಲೆ’ ಅಂತ ಆಚರಿಸಬೇಕು ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಆಗಿದೆ. ಈಗ ಬಂದಿರೋ ಯೋಜನೆ ಇಷ್ಟು: ಒಂದೊಂದು ಸಮುದಾಯದ ಒಬ್ಬೊಬ್ಬ ಮಗು ಆಯಾ ವೇಷ ಹಾಕಿ ವೇದಿಕೆಗೆ ಬರೋದು, ಮನೆಮನೆಯಿಂದ ಅಡುಗೆ ತಂದು ಸ್ಟಾಲ್ ಹಾಕೋದು, ಕೊನೆಗೆ ಅತಿಥಿಗಳ ಭಾಷಣ.

ಇದು ಸರಿ ದಾರಿನಾ? ಒಂದು ದಿನದ ಆಚೆಗೆ ಶಾಲೆಯ ದಿನಚರಿಯಲ್ಲಿ ಏನೇನು ಬದಲಾಗಬೇಕು? ಇನ್ನೊಂದು, ವರಾಂಡಾಕ್ಕೆ ಮೂರು ಮೆಟ್ಟಿಲಿವೆ. ಎರಡು ಮೀಟರ್‌ನಾಗ ರ‍್ಯಾಂಪ್ ಕೂಡಿಸ್ತೀನಿ ಅಂತಾನ ಗೌಂಡಿ. ಆಗ್ತದೇನು?

ನಲಿಕಲಿ_ವಿಜಯಪುರ

ಸರ್, ವೇಷದ ಕಾರ್ಯಕ್ರಮ ದಯವಿಟ್ಟು ಕೈಬಿಡಿ. ಟೋಪಿ ಹಾಕಿದ ಹುಡುಗ, ಕನ್ನಡಿ ಲಂಗದ ಹುಡುಗಿ, ಪಂಚೆ ಉಟ್ಟ ಹುಡುಗ ಕೈಕೈ ಹಿಡಿದರೆ ಫೋಟೋ ಚೆಂದ ಬರುತ್ತದೆ. ಆದರೆ ಮರುದಿನದಿಂದ ಆ ಹುಡುಗಿ ಮಿಕ್ಕ ಮಕ್ಕಳ ಬಾಯಲ್ಲಿ ‘ಲಂಬಾಣಿಯವಳು’ ಆಗಿ ಉಳಿಯುತ್ತಾಳೆ. ತನ್ನ ಹೆಸರಿನಿಂದ, ತನ್ನ ಕೆಲಸದಿಂದ ಗುರುತಾಗಬೇಕಾದ ಮಗುವನ್ನು ನಾವೇ ಸಮುದಾಯದ ಮಾದರಿ ಮಾಡಿ ನಿಲ್ಲಿಸಿದಂತೆ. ತಾಂಡಾದ ಮಕ್ಕಳೂ ದಿನಾ ಬರೋದು ಸಮವಸ್ತ್ರದಲ್ಲೇ. ಆ ವೇಷ ಎಷ್ಟೋ ಸಲ ಬಾಡಿಗೆಯದ್ದು.

ಅದರ ಬದಲು ಗುಂಪು ಮಾಡಿ. 4ರಿಂದ 8ನೇ ತರಗತಿಯವರನ್ನು ಚೀಟಿ ಎತ್ತಿಸಿ 12–15 ಜನರ ಗುಂಪುಗಳಾಗಿ ಒಡೆಯಿರಿ. ಚೀಟಿ ಎತ್ತಿದ ಮೇಲೆ ಅದಲುಬದಲು ಇಲ್ಲ, ಇಲ್ಲದಿದ್ದರೆ ಸಂಜೆಯೊಳಗೆ ಗೆಳೆಯರು ಗೆಳೆಯರೇ ಕೂಡಿಕೊಳ್ಳುತ್ತಾರೆ. ಪ್ರತಿ ಗುಂಪಿಗೂ ನಮ್ಮ ಭಾಗದ ಒಂದು ಕಲೆ ಅಥವಾ ಕೈಕೆಲಸ ಕೊಡಿ: ಮೊಹರಂನ ಹೆಜ್ಜೆಮೇಳ, ಲಂಬಾಣಿ ಕಸೂತಿ, ಗುಳೇದಗುಡ್ಡದ ಖಣ, ಕರಡಿ ಮಜಲು, ಇಳಕಲ್ ಸೀರೆಯ ಸೆರಗು. ಗುಂಪಿನಲ್ಲಿ ಎಲ್ಲ ಕೇರಿಯ ಮಕ್ಕಳೂ ಇರುವುದರಿಂದ ಯಾರೂ ಬರೀ ‘ತಮ್ಮದನ್ನು’ ತೋರಿಸೋದಿಲ್ಲ, ಎಲ್ಲರೂ ಎಲ್ಲದನ್ನೂ ಕಲಿಯಬೇಕಾಗುತ್ತದೆ. ಕಲಿಸೋಕೆ ಊರಿನವರನ್ನೇ ಕರೆಯಿರಿ, ಮೂರು ವಾರ, ವಾರಕ್ಕೆ ಎರಡು ಪಿರಿಯಡ್ ಸಾಕು. ಮೊಹರಂ ನಮ್ಮ ಹಳ್ಳಿಗಳಲ್ಲಿ ಮೊದಲಿನಿಂದಲೂ ಎಲ್ಲರ ಹಬ್ಬ. ಹೆಜ್ಜೆ ಹಾಕುವವರಲ್ಲಿ, ರಿವಾಯತ್ ಪದ ಹಾಡುವವರಲ್ಲಿ ಹಿಂದೂಗಳೇ ಎಷ್ಟೋ ಜನ. ಕೂಡಿ ಬಾಳುವುದನ್ನು ಹೊರಗಿನಿಂದ ತರಬೇಕಾಗಿಲ್ಲ, ಊರಲ್ಲೇ ಇದೆ, ಮಕ್ಕಳ ಕಣ್ಣಿಗೆ ಬೀಳುವಂತೆ ಮಾಡಬೇಕು ಅಷ್ಟೇ.

ಮನೆ ಅಡುಗೆಯ ಸ್ಟಾಲ್ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಯಾವ ಡಬ್ಬಿ ಯಾರ ಮನೆಯದು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೆಲವು ಡಬ್ಬಿ ಖಾಲಿ, ಕೆಲವನ್ನು ಯಾರೂ ಮುಟ್ಟಿರೋದಿಲ್ಲ. ತುಂಬಿದ ಡಬ್ಬಿ ಹಾಗೇ ಹಿಡಕೊಂಡು ಮನೆಗೆ ಹೋಗುವ ಮಗುವಿಗೆ ನಾವು ಏನು ಹೇಳೋಣ? ಆದ್ದರಿಂದ ಶಾಲೆಯ ಅಡುಗೆಮನೆಯಲ್ಲೇ ಬೇಯಲಿ. ಬಿಸಿಯೂಟದ ಜೊತೆಗೆ ಒಂದು ಸಿಹಿ ಸಾಕು. ಮಾದಲಿ (ಗೋಧಿ ರೊಟ್ಟಿಯ ಪುಡಿಗೆ ಬೆಲ್ಲ ಬೆರೆಸಿದ ಸಿಹಿ) ಒಳ್ಳೇದು, ಹಿಂದಿನ ದಿನವೇ ಮಾಡಿಡಬಹುದು, ಕೆಡೋದಿಲ್ಲ. 200 ಮಕ್ಕಳಿಗೆ ಒಂದೊಂದು ಹಿಡಿಯಂತೆ ಗೋಧಿ ತರಿಹಿಟ್ಟು 7 ಕೆಜಿ, ಬೆಲ್ಲ 5 ಕೆಜಿ, ಪುಟಾಣಿ (ಹುರಿಗಡಲೆ) 1 ಕೆಜಿ, ಒಣಕೊಬ್ಬರಿ 1 ಕೆಜಿ, ಏಲಕ್ಕಿ, ಗಸಗಸೆ ಹಿಡಿಯಿರಿ. ರೊಟ್ಟಿ ಪೂರ್ತಿ ಆರಿದ ಮೇಲೆಯೇ ಪುಡಿ ಮಾಡಿ ಬೆಲ್ಲ ಬೆರೆಸಬೇಕು. ಬಿಸಿ ಇದ್ದಾಗ ಬೆರೆಸಿದರೆ ನೀರೊಡೆದು ಮುದ್ದೆಯಾಗುತ್ತದೆ. ಅಡುಗೆಯವರಿಗೆ ಹೆಚ್ಚಿನ ಕೆಲಸ ಬೀಳುತ್ತದೆ, ಇಬ್ಬರು ತಾಯಂದಿರು ಕೈಜೋಡಿಸಲಿ.

ಇದೆಲ್ಲಕ್ಕಿಂತ ಮೊದಲು, ಇವತ್ತಿನಿಂದಲೇ ಶುರು ಮಾಡಬಹುದಾದದ್ದು ಪದಗಳ ಗೋಡೆ. ನಲಿಕಲಿ (1ರಿಂದ 3ನೇ ತರಗತಿಯವರು ಕೂಡಿ ಕಲಿಯುವ) ಕೊಠಡಿಯಲ್ಲಿ 40 ಪದ ಸಾಕು: ನೀರು, ಹಸಿವು, ನೋವು, ಶೌಚಾಲಯ, ಹೆದರಿಕೆ, ಬಾ, ಕೂಡು, ಕೊಡು, ಅಂಕಿಗಳು, ಅವ್ವ, ಅಪ್ಪ. ಮೊದಲ ಹತ್ತು ಮಗುವಿಗೆ ತುರ್ತಿನಲ್ಲಿ ಬೇಕಾಗುವಂಥವೇ ಇರಲಿ. ಒಂದನೇ ತರಗತಿ ಮಗು ಚಡ್ಡಿ ಒದ್ದೆ ಮಾಡಿಕೊಳ್ಳುವುದಕ್ಕೆ ಎಷ್ಟೋ ಸಲ ಕಾರಣ ಕೇಳಲು ಮಾತು ಬಾರದ್ದು. ಲಂಬಾಣಿಗೆ ಕನ್ನಡ ಲಿಪಿ, ಮರಾಠಿಗೆ ದೇವನಾಗರಿಯ ಕೆಳಗೆ ಕನ್ನಡ, ಉರ್ದುವಿಗೆ ಅದರದೇ ಲಿಪಿಯ ಕೆಳಗೆ ಕನ್ನಡ. ಉಚ್ಚಾರ ಮಕ್ಕಳ ಬಾಯಿಂದಲೇ ಕೇಳಿ ಬರೆಯಿರಿ, ನಿಘಂಟು ಬೇಡ.

ಇಲ್ಲಿ ಪದೇ ಪದೇ ಆಗುವ ಒಂದು ಎಡವಟ್ಟು: ಫ್ಲೆಕ್ಸ್ ಅಂಗಡಿಯ ತಂತ್ರಾಂಶದಲ್ಲಿ ಉರ್ದು ಅಕ್ಷರಗಳು ಕೂಡಿಕೊಳ್ಳದೆ ಬಿಡಿಬಿಡಿಯಾಗಿ, ಅದೂ ಎಡದಿಂದ ಬಲಕ್ಕೆ ಅಚ್ಚಾಗಿಬಿಡುತ್ತವೆ. ಓದಬಲ್ಲವರಿಗೆ ಅದು ಅವಮಾನ. ಹತ್ತಿರದ ಉರ್ದು ಶಾಲೆಯ ಶಿಕ್ಷಕರಿಂದ ದಪ್ಪ ಸ್ಕೆಚ್‌ಪೆನ್ನಿನಲ್ಲಿ ಕೈಯಿಂದ ಬರೆಸಿ, ಅದರ ಫೋಟೋ ಅಂಗಡಿಗೆ ಕೊಡಿ. ಅಥವಾ ಡ್ರಾಯಿಂಗ್ ಶೀಟ್‌ನಲ್ಲೇ ಬರೆದು ಹಚ್ಚಿ, ಅದೇ ಎಷ್ಟೋ ಚೆಂದ.

ಅಥಣಿ_ಸಿಆರ್‌ಪಿ

ಕಬ್ಬಿನ ಗ್ಯಾಂಗಿನ ಮಕ್ಕಳ ಬಗ್ಗೆ ಬರೀತೀನಿ. ಅವರು ಡಿಸೆಂಬರ್ ಕಾರ್ಯಕ್ರಮದಲ್ಲಿ ಅತಿಥಿಗಳ ಹಾಗೆ ಕೂಡಬಾರದು, ನಿಮ್ಮ ಶಾಲೆಯ ಮಕ್ಕಳಾಗಿ ಇರಬೇಕು.

ದಾಖಲಾತಿಗೆ ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಕಳಿಸೋ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲದ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. 5ನೇ ಕಲಂ ಪ್ರಕಾರ ಟಿಸಿ ತಡವಾದದ್ದು ಕಾರಣ ಆಗೋದಿಲ್ಲ. 4ನೇ ಕಲಂ ಪ್ರಕಾರ ವಯಸ್ಸಿಗೆ ತಕ್ಕ ತರಗತಿಯಲ್ಲೇ ಕೂಡಿಸಬೇಕು. ಹತ್ತು ವರ್ಷದ ಹುಡುಗನನ್ನು ಕನ್ನಡ ಬರೋದಿಲ್ಲ ಅಂತ ಒಂದನೇ ತರಗತಿಯಲ್ಲಿ ಕೂಡಿಸಿದರೆ ಅವನು ನಾಲ್ಕನೇ ದಿನ ಬರೋದು ಬಿಡ್ತಾನೆ. ಆ ಕಡೆ ಶಾಲೆಯಲ್ಲಿ ಹೆಸರಿದ್ದರೆ ಅವನಿಗೊಂದು ಪೆನ್ ಸಂಖ್ಯೆ (ದೇಶದ ಶಾಲಾ ದಾಖಲೆ ವ್ಯವಸ್ಥೆ ಯುಡೈಸ್ ಕೊಡೋ ಶಾಶ್ವತ ಸಂಖ್ಯೆ) ಇರುತ್ತದೆ. ಯುಡೈಸ್‌ನ ಆ ಸಂಖ್ಯೆ ರಾಜ್ಯ ದಾಟಿದರೂ ನಡೀತದೆ. ಗ್ಯಾಂಗಿನ ಮುಖಂಡ ಮುಕಾದಮ್‌ನ ಫೋನಿನಿಂದ ಆ ಊರಿನ ಮಾಸ್ತರರ ಜೊತೆ ಮಾತಾಡಿದರೆ ಸಿಕ್ಕೀತು.

ಕಲಿಕೆ ಗಣಿತದಿಂದ ಶುರು ಮಾಡ್ರಿ. ಕೂಡೋದು, ಕಳೆಯೋದು ಭಾಷೆ ಬಾರದಿದ್ದರೂ ಬರ್ತದೆ, ಮೊದಲ ವಾರದಲ್ಲೇ ‘ಇವನಿಗೂ ಬರ್ತದೆ’ ಅನ್ನೋದು ಉಳಿದ ಮಕ್ಕಳಿಗೆ ಕಾಣ್ತದೆ. ನಿಮ್ಮ 6ರಿಂದ 8ರವರು ಹಿಂದಿ ಓದ್ತಾರಲ್ಲ, ಅವರಿಗೆ ದೇವನಾಗರಿ ಬರ್ತದೆ. ಬೆಳಿಗ್ಗೆ ಹದಿನೈದು ನಿಮಿಷ ಜೋಡಿ ಓದು ಇಡ್ರಿ: ಮರಾಠಿ ಹುಡುಗ ಮರಾಠಿ ಪಾಠ ಓದಿ ತೋರಿಸಬೇಕು, ನಮ್ಮ ಹುಡುಗ ಅದೇ ಚಿತ್ರ ನೋಡಿ ಕನ್ನಡದಲ್ಲಿ ಹೇಳಬೇಕು. ಇಬ್ಬರೂ ಕಲಿಸುವವರೇ, ಇಬ್ಬರೂ ಕಲಿಯುವವರೇ. ಮರಾಠಿ ಪುಸ್ತಕಕ್ಕೆ ಮಹಾರಾಷ್ಟ್ರಕ್ಕೆ ಹೋಗಬೇಕಾಗಿಲ್ಲ, ನಮ್ಮ ರಾಜ್ಯದ್ದೇ ಮರಾಠಿ ಮಾಧ್ಯಮದ ಪುಸ್ತಕಗಳಿವೆ. ಕ್ಲಸ್ಟರ್ ಮೂಲಕ ಗಡಿ ಶಾಲೆಗಳಲ್ಲಿ ಉಳಿದ ಪ್ರತಿ ಕೇಳ್ರಿ.

ಹುಡುಗಿಯರು ಬಾರದಿದ್ದರೆ ಕಾರಣ ಬಹಳ ಸಲ ಒಂದೇ, ಕೂಸು ಹಿಡಿಯೋದು. ತಂದೆ ತಾಯಿ ನಸುಕಿನಲ್ಲಿ ಗದ್ದೆಗೆ ಹೋಗಿರ್ತಾರೆ. ಆ ಕೂಸನ್ನು ಅಂಗನವಾಡಿಗೋ ಪಂಚಾಯ್ತಿಯ ಕೂಸಿನ ಮನೆಗೋ ಸೇರಿಸೋ ವ್ಯವಸ್ಥೆ ಆಗದೆ ಅಕ್ಕನಿಗೆ ‘ಶಾಲೆಗೆ ಬಾ’ ಅಂದರೆ ಪ್ರಯೋಜನ ಇಲ್ಲ. ಅಂಗನವಾಡಿ ಕಾರ್ಯಕರ್ತೆಯನ್ನು ಜೊತೆಗೆ ಕರಕೊಂಡೇ ಟೆಂಟ್ ಕಡೆ ಹೋಗ್ರಿ.

ಕಾರ್ಖಾನೆ ನುರಿಸೋದು ನಿಂತ ಮೇಲೆ ಗ್ಯಾಂಗು ಒಂದೇ ರಾತ್ರಿಯಲ್ಲಿ ಹೊರಟುಬಿಡ್ತದೆ. ಹಾಗಾಗಿ ಫೆಬ್ರುವರಿ ಕೊನೆಗೇ ಪ್ರತಿ ಮಗುವಿನ ಕೈಗೆ ಒಂದು ಹಾಳೆ ಕೊಟ್ಟಿರ್ರಿ. ಹಾಜರಿಯ ದಿನಗಳು, ಕಲಿತ ಪಾಠಗಳು, ನಿಮ್ಮ ಸಹಿ, ಶಾಲೆಯ ಫೋನ್ ನಂಬರ್ ಅದರಲ್ಲಿರಲಿ. ನಿಮ್ಮ ತಾಂಡಾದಿಂದ ಹೊರಗೆ ದುಡಿಯಲು ಹೋಗುವವರ ಮಕ್ಕಳಿಗೂ ಇದೇ ಹಾಳೆ, ಎಸ್‌ಎಟಿಎಸ್ ಸಂಖ್ಯೆ (ನಮ್ಮ ರಾಜ್ಯದ ವಿದ್ಯಾರ್ಥಿ ದಾಖಲೆ ಸಂಖ್ಯೆ) ಸಮೇತ.

ಬಿಐಇಆರ್‌ಟಿ_ಬೈಲಹೊಂಗಲ

ರ‍್ಯಾಂಪ್ ವಿಚಾರ. ಎರಡು ಮೀಟರ್‌ನಲ್ಲಿ ಆಗೋದಿಲ್ಲ, ಮಾಡಿಸಬೇಡಿ. ಇಳಿಜಾರು 1ಕ್ಕೆ 12 ಇರಬೇಕು. ಮೂರು ಮೆಟ್ಟಿಲು ಒಂದೊಂದು 15 ಸೆಂ.ಮೀ. ಅಂದರೆ ಎತ್ತರ 45 ಸೆಂ.ಮೀ., ಉದ್ದ 5.4 ಮೀಟರ್ ಬೇಕು. ಎರಡು ಮೀಟರ್‌ಗೆ ಕೂಡಿಸಿದರೆ ಮಗು ತಾನಾಗಿ ಏರೋದು ದೂರ, ಹಿಂದಿನಿಂದ ತಳ್ಳುವವರ ಕೈಯೂ ಜಾರುತ್ತದೆ. ಇಳಿಯುವಾಗ ಮುಂದಕ್ಕೆ ಮುಗ್ಗರಿಸುತ್ತದೆ. ನೇರಕ್ಕೆ ಜಾಗ ಇಲ್ಲದಿದ್ದರೆ ಗೋಡೆ ಗುಂಟ ತಿರುಗಿಸಿ: 3 ಮೀಟರ್ ಏರು, 1.5 ಮೀಟರ್ ಚೌಕದ ಸಮತಟ್ಟು ಕಟ್ಟೆ, ಮತ್ತೆ 2.4 ಮೀಟರ್ ಏರು. ಮೇಲೆ ಬಾಗಿಲ ಮುಂದೆಯೂ ಅಷ್ಟೇ ಸಮತಟ್ಟು ಬೇಕು, ಇಲ್ಲದಿದ್ದರೆ ಬಾಗಿಲು ತೆಗೆಯುವಾಗ ಕುರ್ಚಿ ಹಿಂದಕ್ಕೆ ಉರುಳುತ್ತದೆ.

ಅಗಲ 1.2 ಮೀಟರ್. ಎರಡೂ ಅಂಚಿಗೆ ಗಾಲಿ ಜಾರದಂತೆ 10 ಸೆಂ.ಮೀ. ಕಟ್ಟೆ. ಎರಡೂ ಕಡೆ ಹಿಡಿದುಕೊಳ್ಳುವ ಪೈಪು, 70 ಮತ್ತು 90 ಸೆಂ.ಮೀ. ಎತ್ತರಕ್ಕೆ, ಚಿಕ್ಕವರಿಗೂ ದೊಡ್ಡವರಿಗೂ ಸಿಗುವಂತೆ. ಟೈಲ್ಸ್ ಬೇಡ, ಸಿಮೆಂಟ್ ಹಸಿ ಇದ್ದಾಗಲೇ ಪೊರಕೆಯಿಂದ ಅಡ್ಡ ಗೀರು ಎಳೆಸಿ.

ಹೆಚ್ಚಾಗಿ ಕೆಡೋದು ಒಳಗಿನ ಮುರಮು ಸರಿಯಾಗಿ ದಮ್ಮಸ್ಸು ಆಗದೆ. ಒಂದೇ ಮಳೆಗಾಲಕ್ಕೆ ರ‍್ಯಾಂಪ್ ಕುಸಿದು ವರಾಂಡಾದ ಅಂಚಿನಲ್ಲಿ ಎರಡು ಮೂರು ಸೆಂ.ಮೀ. ಏಣು ಬೀಳುತ್ತದೆ. ಗಾಲಿಕುರ್ಚಿಯ ಮುಂದಿನ ಸಣ್ಣ ಗಾಲಿ ಸಿಕ್ಕಿಬೀಳುವುದು ಅಲ್ಲೇ. 15 ಸೆಂ.ಮೀ.ಗೊಂದು ಪದರಿನಂತೆ ನೀರು ಹೊಡೆದು ದಮ್ಮಸ್ಸು ಮಾಡಿಸಿ. ಕಾಂಕ್ರೀಟ್ ಆದಮೇಲೆ ಕನಿಷ್ಠ ಏಳು ದಿನ ನೀರು ಕಟ್ಟಲಿ. ಬಿಲ್ಲಿಗೆ ಸಹಿ ಹಾಕುವ ಮುಂಚೆ 120 ಸೆಂ.ಮೀ. ನೇರ ಪಟ್ಟಿ ತಗೊಂಡು ಮೇಲ್ತುದಿಯನ್ನು ರ‍್ಯಾಂಪಿಗೆ ತಾಗಿಸಿ, ಸ್ಪಿರಿಟ್ ಲೆವೆಲ್ ಇಟ್ಟು ಸಮ ಮಾಡಿ. ಕೆಳತುದಿಯಲ್ಲಿ ಪಟ್ಟಿಗೂ ನೆಲಕ್ಕೂ ನಡುವೆ 10 ಸೆಂ.ಮೀ.ಗಿಂತ ಹೆಚ್ಚು ಸಂದು ಇದ್ದರೆ ಕಡಿದಾಗಿದೆ ಅಂತ ಅರ್ಥ.

ಹಣಕ್ಕೆ ಗ್ರಾಮ ಪಂಚಾಯ್ತಿಯನ್ನು ಕೇಳಿ, ಅಂಗವಿಕಲರಿಗಾಗಿ ಮೀಸಲಿಡಬೇಕಾದ ಶೇ. 5ರ ನಿಧಿ ಇದೆ. ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅರ್ಜಿ ಬರೆಸಿಕೊಡುತ್ತಾರೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದ ಮಕ್ಕಳಿಗೆ ಅದನ್ನೂ ಮಾಡಿಸಲು ನೆರವಾಗುತ್ತಾರೆ. ಮಕ್ಕಳ ಗ್ರಾಮಸಭೆಯಲ್ಲಿ ಆ ಹುಡುಗಿಯೇ ಕೇಳಲಿ. ಶೌಚಾಲಯದ ಬಾಗಿಲು 90 ಸೆಂ.ಮೀ. ಇರಲಿ, ಹೊರಕ್ಕೆ ತೆರೆಯಲಿ. ವಿಶೇಷ ಶೌಚಾಲಯವನ್ನು ಪೊರಕೆ, ಬಕೆಟ್ ಇಡುವ ಕೋಣೆ ಮಾಡಿ ಬೀಗ ಹಾಕುವ ರೂಢಿ ಎಷ್ಟೋ ಕಡೆ ಇದೆ. ಕಟ್ಟಿಯೂ ಕಟ್ಟದ ಹಾಗೆ ಅದು.

ತರಗತಿಯಲ್ಲಿ: ಶ್ರವಣಯಂತ್ರ ಒಂದೆರಡು ಮೀಟರ್ ಒಳಗಿನ ಮಾತಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಮುಂದೆ ಕೂಡಿಸಿ. ಬೋರ್ಡಿನ ಕಡೆ ಮುಖ ಮಾಡಿ ಮಾತಾಡಬೇಡಿ, ಕಿಟಕಿಗೆ ಬೆನ್ನು ಕೊಟ್ಟೂ ನಿಲ್ಲಬೇಡಿ, ಮುಖ ಕತ್ತಲಾಗಿ ತುಟಿ ಕಾಣಿಸೋದಿಲ್ಲ. ಹಿಂದಿನ ಸಾಲಿನ ಮಗು ಉತ್ತರ ಹೇಳಿದರೆ ನೀವೊಮ್ಮೆ ಮತ್ತೆ ಹೇಳಿ. ಕಾರ್ಯಕ್ರಮದ ದಿನ ಈ ಹುಡುಗನನ್ನು ಸ್ಪೀಕರ್ ಬಾಕ್ಸಿನ ಪಕ್ಕ ಕೂಡಿಸಿದರೆ ಯಂತ್ರ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾನೆ. ಮಂದದೃಷ್ಟಿಯವನಿಗೆ ಬೋರ್ಡಿನ ಅಕ್ಷರ 5–7 ಸೆಂ.ಮೀ. ಎತ್ತರ ಇರಲಿ, ಬೋರ್ಡು ಹೊಳೆಯದಂತೆ ಕಪ್ಪು ಬಳಿಸಿ, ಪ್ರಶ್ನೆಪತ್ರಿಕೆಯನ್ನು ಎ4ನಿಂದ ಎ3ಗೆ ದೊಡ್ಡದು ಮಾಡಿ ಜೆರಾಕ್ಸ್ ತೆಗೆಸಿ. ಬೌದ್ಧಿಕ ಹಿನ್ನಡೆ ಇರುವ ಮಗುವಿಗೆ ಒಂದು ಸಲಕ್ಕೆ ಒಂದೇ ಸೂಚನೆ. ಜೊತೆಗಾರ ವಾರಕ್ಕೊಬ್ಬ ಬದಲಾಗಲಿ. ವರ್ಷಪೂರ್ತಿ ಒಬ್ಬನಿಗೇ ಒಪ್ಪಿಸಿದರೆ ಅವನಿಗೆ ಅದು ಹೊರೆ, ಉಳಿದವರಿಗೆ ಅದು ತಮ್ಮ ಕೆಲಸವೇ ಅಲ್ಲ. ಕಾರ್ಯಕ್ರಮದಲ್ಲಿ ಈ ಮಗುವಿಗೆ ನಿಜವಾದ ಕೆಲಸ ಕೊಡಿ, ಗಂಟೆ ಬಾರಿಸೋದೋ ಗುಂಪುಗಳ ಫಲಕ ಹಿಡಿಯೋದೋ, ಎರಡು ವಾರ ಮೊದಲಿನಿಂದ ಅದೇ ಜಾಗದಲ್ಲಿ ರೂಢಿ ಮಾಡಿಸಿ.

ಜಮಖಂಡಿ_ಮಾಸ್ತರ್

ಬಹಳ ಉಪಕಾರ ಆತ್ರಿ. ಗೌಂಡಿಗೆ ಅಳತೆ ಕೊಡ್ತೀನಿ. ಇನ್ನೊಂದು ಕೇಳಬೇಕು. ಬಿಸಿಯೂಟಕ್ಕೆ ಮಕ್ಕಳು ತಾವಾಗೇ ಕೇರಿ ಕೇರಿಯವರು ಕೂಡಿ ಕೂಡ್ತಾರೆ. ಮೊಟ್ಟೆ ದಿನ ಮೊಟ್ಟೆ ತಿನ್ನುವವರದು, ಬಾಳೆಹಣ್ಣಿನವರದು ಬೇರೆ ಸಾಲು ಆಗ್ತದೆ. ಬೈದರೆ ಒಂದು ದಿನ ಕೇಳ್ತಾರೆ, ಮರುದಿನ ಮತ್ತೆ ಅದೇ.

ಇಳಕಲ್_ಅಕ್ಕೋರು

ಬೈಯೋದರಿಂದ ಆಗೋದಿಲ್ಲ ಸರ್, ಜಾಗದ ವ್ಯವಸ್ಥೆ ಬದಲಾಗಬೇಕು. ಸೋಮವಾರ ಬೆಳಿಗ್ಗೆ ಪ್ರತಿ ಮಗು 1ರಿಂದ 10ರವರೆಗಿನ ಒಂದು ಟೋಕನ್ ಎತ್ತಲಿ, ರಟ್ಟಿನ ಚೂರಾದರೂ ಸಾಕು. ಜಮಖಾನೆಯ ಪಕ್ಕ ಗೋಡೆಗೆ ಅದೇ ಅಂಕಿಗಳನ್ನು ಬರೆಸಿ. ವಾರವಿಡೀ ಅಲ್ಲೇ ಊಟ, ಮುಂದಿನ ಸೋಮವಾರ ಹೊಸ ಟೋಕನ್. ಅಣ್ಣ ತಂಗಿ ಜೊತೆಗೇ ಕೂಡಬೇಕು ಅಂದರೆ ಮೊದಲ ತರಗತಿಯವರಿಗೆ ಮಾತ್ರ ಒಪ್ಪಿ. ಬಡಿಸೋದು ದಿನಾ ಒಂದೇ ತುದಿಯಿಂದ ಶುರುವಾಗಬಾರದು, ಕೊನೆಯ ಸಾಲಿಗೆ ಸಾರು ನೀರಾಗಿಯೇ ಬರುತ್ತದೆ ಅನ್ನೋದು ಮಕ್ಕಳಿಗೆ ಗೊತ್ತು. 1ರಿಂದ 5ರವರಿಗೆ ತಲಾ 100 ಗ್ರಾಂ, 6ರಿಂದ 8ರವರಿಗೆ 150 ಗ್ರಾಂ ಧಾನ್ಯದ ಲೆಕ್ಕ ಇರುವುದರಿಂದ ದೊಡ್ಡವರ ಸೌಟು ಬೇರೆ ಗಾತ್ರದ್ದಿರಲಿ, ‘ಅವನಿಗೆ ಜಾಸ್ತಿ ಹಾಕಿದರು’ ಅನ್ನೋ ಮಾತು ಹುಟ್ಟೋದಿಲ್ಲ.

ಮೊಟ್ಟೆ ಬುಟ್ಟಿ, ಬಾಳೆಹಣ್ಣಿನ ಬುಟ್ಟಿ ಎರಡೂ ಒಂದೇ ಸಾಲಿನ ಗುಂಟ ಹೋಗಲಿ. ಮಗು ತನಗೆ ಬೇಕಾದದ್ದು ತಗೊಂಡು ಕೂತ ಜಾಗದಲ್ಲೇ ತಿನ್ನಲಿ. ತರಿಸೋ ಲೆಕ್ಕಕ್ಕೆ ಪಟ್ಟಿ ಬೇಕೇ ಬೇಕು, ಆದರೆ ಅದು ನಿಮ್ಮ ಕಪಾಟಿನಲ್ಲಿರಲಿ, ಗೋಡೆಗೆ ಹಚ್ಚಬೇಡಿ. ಊಟಕ್ಕೆ ಮುಂಚೆ ಶಿಕ್ಷಕರು ರುಚಿ ನೋಡಬೇಕು ಅಂತ ನಿಯಮವೇ ಇದೆ. ರುಚಿ ನೋಡಿ ಎದ್ದು ಹೋಗದೆ ಒಬ್ಬ ಶಿಕ್ಷಕರು ದಿನಾ ಅದೇ ಪಂಕ್ತಿಯಲ್ಲಿ, ಅದೇ ತಾಟಿನಲ್ಲಿ ಉಣ್ಣಲಿ. ನಾವು ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತು ಮಕ್ಕಳಿಗೆ ಸಮಪಂಕ್ತಿ ಕಲಿಸಲಾಗದು.

ಅಡುಗೆಯವರ ಜಾತಿ ಎತ್ತಿ ಯಾರಾದರೂ ತಕರಾರು ತೆಗೆದರೆ ಒಂದು ದಿನದ ಮಟ್ಟಿಗೂ ಅವರನ್ನು ಬದಲಿಸಬೇಡಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿದೆ, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇವೆ. ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಅದೇ ದಿನ ತಿಳಿಸಿ.

ಊಟಕ್ಕಿಂತ ಹೆಚ್ಚು ನೋವು ಕೊಡೋದು ನಮ್ಮದೇ ಕೆಲವು ರೂಢಿ. ವಿದ್ಯಾರ್ಥಿವೇತನದ ಅರ್ಜಿ ಬಂದಾಗ ‘ಎಸ್‌ಸಿ ಎಸ್‌ಟಿ ಮಕ್ಕಳು ಎದ್ದು ನಿಲ್ಲಿ’ ಅನ್ನೋದು ಇವತ್ತಿಗೇ ನಿಲ್ಲಬೇಕು. ದಾಖಲೆಯಿಂದ ಪಟ್ಟಿ ತೆಗೆದು ಒಬ್ಬೊಬ್ಬರನ್ನೇ ಆಫೀಸಿಗೆ ಕರೆಯಿರಿ. ತಂದೆಯ ಹೆಸರನ್ನು ತರಗತಿಯಲ್ಲಿ ಕೂಗಿ ಕೇಳಬೇಡಿ. ಜಮಖಂಡಿ, ಮುಧೋಳ ಕಡೆ ದೇವದಾಸಿ ತಾಯಂದಿರ ಮಕ್ಕಳಿದ್ದಾರೆ, ತಂದೆ ಬಿಟ್ಟುಹೋದ ಮಕ್ಕಳಿದ್ದಾರೆ, ಆ ಒಂದು ಪ್ರಶ್ನೆಗೆ ಇಡೀ ತರಗತಿ ತಿರುಗಿ ನೋಡುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಜಾತಿಯ ಗುರುತು ಇದ್ದರೆ ಅದು ಮಕ್ಕಳ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಕಸ ಗುಡಿಸೋದು, ನೀರು ತುಂಬೋದು ಸರದಿ ಪ್ರಕಾರ ಎಲ್ಲರಿಗೂ, ಹುಡುಗ ಹುಡುಗಿ ಭೇದ ಇಲ್ಲದೆ, ಪಟ್ಟಿ ಬರೆದು ಹಚ್ಚಿ. ಸರದಿ ಬರೆಯದಿದ್ದರೆ ಆ ಕೆಲಸ ಯಾರ ಪಾಲಿಗೆ ಬರುತ್ತದೆ ಅನ್ನೋದು ನಿಮಗೂ ಗೊತ್ತು.

ತಾಂಡಾ_ಎಸ್‌ಡಿಎಂಸಿ

ಸರ್, ಒಂದೇ ಮಾತು. ನಮ್ಮ ತಾಂಡಾದ ಮಂದಿ ಸಭಾಕ್ಕ ಬರಂಗಿಲ್ಲ ಅಂತ ಎಲ್ಲಾರೂ ಅಂತಾರ. ಸಭಾ ಇಡೋದು ಹನ್ನೊಂದಕ್ಕ, ಆವಾಗ ಎಲ್ಲಾರೂ ಕೂಲಿಗೆ ಹೋಗಿರ್ತಾರ. ಸಂಜಿ ಆರರ ಮ್ಯಾಲೆ ಇಡ್ರಿ, ಎರಡು ಸಭಾಕ್ಕ ಒಂದು ಸಭಾ ತಾಂಡಾದಾಗ ಇಡ್ರಿ. ಚೀಟಿ ಬರದು ಮಕ್ಕಳ ಕೈಯಾಗ ಕೊಟ್ರ ಓದಾವ್ರ ಇಲ್ಲ, ವಾಟ್ಸಾಪ್‌ನಾಗ ಮಾತಾಡಿ ವಾಯ್ಸ್ ಕಳಿಸ್ರಿ, ಕನ್ನಡದಾಗ ಒಂದು, ನಮ್ಮ ಮಾತಿನಾಗ ಒಂದು. ನಮ್ಮ ಮಾತಿಂದು ಏಳನೇತ್ತೆ ಹುಡುಗೂರೇ ಮಾತಾಡ್ತಾವ. ಎಸ್‌ಡಿಎಂಸಿಯಾಗ ಮುಕ್ಕಾಲು ಮಂದಿ ಪಾಲಕರಿರಬೇಕು, ಅರ್ಧ ಹೆಣ್ಣುಮಕ್ಕಳಿರಬೇಕು ಅಂತ ಕಾಯ್ದೆನ ಐತಿ. ಹೆಸರು ಬರಸೂದಷ್ಟ ಅಲ್ಲ, ಮನಿಗೆ ಹೋಗಿ ಕರೀರಿ. ಕಸೂತಿ ಕಲಸಾಕ ನಮ್ಮ ಯಾಡಿಗೋಳ (ತಾಯಂದಿರು) ಬರ್ತಾರ, ಆದ್ರ ಆವತ್ತಿಂದು ಕೂಲಿ ಹೋಗ್ತೈತಿ, ಅದನ್ನ ಕೊಡೂ ವ್ಯವಸ್ಥಾ ಮಾಡ್ರಿ. ಪುಕ್ಕಟ ಕರಿಬ್ಯಾಡ್ರಿ.

ನಲಿಕಲಿ_ವಿಜಯಪುರ

ಕೂಲಿಯ ಮಾತು ಸರಿಯಾಗಿದೆ, ಎಸ್‌ಡಿಎಂಸಿ ಖರ್ಚಿನಲ್ಲೇ ಬರೆಯಿರಿ. ವಾಯ್ಸ್ ಸಂದೇಶ ಒಂದು ನಿಮಿಷ ದಾಟದಿರಲಿ, ದಿನ, ಹೊತ್ತು, ಜಾಗ ಮೊದಲೇ ಬರಲಿ.

ಆ ದಿನದ ವೇಳಾಪಟ್ಟಿ ಹೀಗೆ ಇಟ್ಟುಕೊಳ್ಳಬಹುದು. ಪ್ರಾರ್ಥನೆಯಲ್ಲಿ ಎಂದಿನಂತೆ ಸಂವಿಧಾನ ಪೀಠಿಕೆ, ಕನ್ನಡದಲ್ಲಿ ಎಲ್ಲರೂ, ಆಮೇಲೆ ಉರ್ದು, ಮರಾಠಿಯಲ್ಲಿ ಒಂದೊಂದು ಗುಂಪು. 10.30ರಿಂದ 12.30ರ ತನಕ ಗುಂಪುಗಳ ಕೆಲಸ ತೋರಿಸೋದು, ವೇದಿಕೆ ಬೇಡ, ಆರೇಳು ಕೊಠಡಿಗಳಲ್ಲಿ, ಎಲ್ಲವೂ ನೆಲಮಟ್ಟದ್ದು ಅಥವಾ ರ‍್ಯಾಂಪ್ ಇರುವ ಕಡೆ. ನೋಡಲು ಬರುವವರು 20 ಜನರ ತಂಡದಲ್ಲಿ ಕೊಠಡಿಯಿಂದ ಕೊಠಡಿಗೆ ಹೋಗಲಿ, ಒಂದು ಕಡೆ 15 ನಿಮಿಷ. ಬಂದವರು ಸುಮ್ಮನೆ ನೋಡಿ ಹೋಗಬಾರದು, ಒಂದು ಹೊಲಿಗೆ ಹಾಕಬೇಕು, ಒಂದು ಹೆಜ್ಜೆ ಹಾಕಬೇಕು. ಆಮೇಲೆ ಟೋಕನ್ ಪ್ರಕಾರ ಪಂಕ್ತಿ ಊಟ, ಪಾಲಕರಿಗೂ ಅತಿಥಿಗಳಿಗೂ ಅದೇ ಟೋಕನ್. ಅತಿಥಿಗಳಿಗೆ ಬೇರೆ ಮೇಜು ಹಾಕಿದರೆ ನಿಮ್ಮ ವಾರಗಳ ಕೆಲಸ ಅಲ್ಲೇ ಹೋಯಿತು. ಭಾಷಣ ಊಟದ ನಂತರ, ಒಬ್ಬರದೇ, ಐದು ನಿಮಿಷ.

ದಿನಾಂಕ ಗಟ್ಟಿ ಮಾಡುವ ಮುಂಚೆ ಎಳ್ಳ ಅಮಾವಾಸ್ಯೆ ಯಾವತ್ತು ಅಂತ ನೋಡಿಕೊಳ್ಳಿ, ಆ ದಿನ ಮಕ್ಕಳೆಲ್ಲ ಚರಗ ಚೆಲ್ಲಲು ಹೊಲದಲ್ಲಿರುತ್ತಾರೆ. ಶುಕ್ರವಾರ ಆದರೆ ಎಲ್ಲವನ್ನೂ ಮುಂಚೆ ಶುರು ಮಾಡಿ ಊಟ 12.30ಕ್ಕೇ ಮುಗಿಯುವಂತೆ ಇಡಿ, ನಮಾಜಿಗೆ ಹೋಗುವ ತಂದೆಯರೂ ಪಂಕ್ತಿಯಲ್ಲಿ ಕೂಡಬಹುದು.